ಇಂದಿನ ಧಮ್ಮ ಚಿಂತನೆ: ಬಿಚ್ಚಿದ ಮುಷ್ಟಿ





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಸಿಗಾಲೋವಾದ ಸುತ್ತ ಓದಿದೆವು. ರಾಜಗೃಹದಲ್ಲಿ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೂ ಕೈಮುಗಿಯುತ್ತಿದ್ದ ಸಿಗಾಲನೆಂಬ ಗೃಹಸ್ಥನಿಗೆ, ದಿಕ್ಕು ಎಂದರೆ ನಿನ್ನ ಸುತ್ತ ಇರುವ ಮನುಷ್ಯರೇ ಎಂದು ಭಗವಾನ್ ಬುದ್ಧರು ತಿಳಿಸಿಕೊಟ್ಟ ಸುತ್ತ ಅದು. ಪೂರ್ವಕ್ಕೆ ತಂದೆ ತಾಯಿ, ದಕ್ಷಿಣಕ್ಕೆ ಗುರುಗಳು, ಪಶ್ಚಿಮಕ್ಕೆ ಹೆಂಡತಿ ಮಕ್ಕಳು, ಉತ್ತರಕ್ಕೆ ಗೆಳೆಯರು, ಕೆಳಗೆ ದುಡಿಯುವವರು, ಮೇಲೆ ಶ್ರಮಣರು. ಗುರು ಶಿಷ್ಯನಿಗೆ ಮಾಡಬೇಕಾದ ಕೆಲಸಗಳನ್ನೂ ಅಲ್ಲಿ ಐದಾಗಿ ಹೇಳಿದೆ. ಶಿಷ್ಯನನ್ನು ಚೆನ್ನಾಗಿ ತಿದ್ದಬೇಕು, ಮನಸ್ಸಿಗೆ ಹತ್ತುವ ಹಾಗೆ ಹೇಳಬೇಕು, ತನಗೆ ಬರುವ ಸಿಪ್ಪವನ್ನೆಲ್ಲ ಹೇಳಿಕೊಡಬೇಕು, ತನ್ನ ಗೆಳೆಯರ ನಡುವೆ ಶಿಷ್ಯನನ್ನು ಪರಿಚಯಿಸಿ ಒಳ್ಳೆಯ ಮಾತಾಡಬೇಕು, ಅವನು ಯಾವ ದಿಕ್ಕಿಗೆ ಹೋದರೂ ಬದುಕಿಕೊಳ್ಳುವಂತೆ ರಕ್ಷಣೆ ಕೊಡಬೇಕು.

ಅಂದು ಒಬ್ಬ ತಂಗಿ ಕೇಳಿದ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. "ಬರುವುದನ್ನೆಲ್ಲ ಹೇಳಿಕೊಡಬೇಕು ಅಂತಾರೆ. ಎಲ್ಲ ಹೇಳಿಕೊಟ್ಟರೆ ಗುರುವಿನ ಹೊಟ್ಟೆಪಾಡು ಏನು?" ಇವತ್ತು ಬರೆಯುವ ಸರದಿ ನನ್ನದಾದ್ದರಿಂದ, ನನಗೆ ತಿಳಿದ ಮಟ್ಟಿಗೆ ಉತ್ತರ ಬರೆಯುತ್ತೇನೆ. ನಾನು ಮೂರ್ತಿ ಮಾಡುವವನು. ಬಾಬಾಸಾಹೇಬರ ಮೂರ್ತಿ, ಬುದ್ಧರ ಮೂರ್ತಿ, ಕೆಲವು ಕಡೆ ಸಾವಿತ್ರಿಬಾಯಿ ಫುಲೆಯವರದು. ಪಾಲಿಯ ಸಿಪ್ಪ ಎಂಬುದು ನಮ್ಮ ಶಿಲ್ಪ ಎಂಬ ಮಾತೇ. ಆದರೆ ಅಲ್ಲಿ ಅದಕ್ಕೆ ಕಲ್ಲು ಕೆತ್ತುವುದು ಎಂದಷ್ಟೇ ಅರ್ಥವಲ್ಲ, ಕೈಯಿಂದ ಆಗುವ ಎಲ್ಲ ಕಸುಬೂ ಸಿಪ್ಪವೇ. ನಾವು ಪ್ರತಿ ಹುಣ್ಣಿಮೆ ಹೇಳುವ ಮಂಗಲ ಸುತ್ತದಲ್ಲೂ ಸಿಪ್ಪ ಒಂದು ಮಂಗಲ ಎಂದು ಎಣಿಸಿದೆ. ಕಸುಬು ಬರುವುದು ಮಂಗಲ. ನಮ್ಮ ಹಿರಿಯರಿಗೆ ಅದನ್ನೇ ಅಪಮಾನವೆಂದು ಕಲಿಸಿದ್ದರು. ಇದು ದಾರಿಯಲ್ಲಿ ಬಂದ ಮಾತು, ಇನ್ನೊಂದು ದಿನಕ್ಕಿರಲಿ.

ನಾನು ಮೊದಲು ಕೂಲಿಗೆ ಸೇರಿದ್ದ ಒಂದು ಕಡೆ ಮಣ್ಣು ತುಳಿಯುವುದು, ನೀರು ಹೊರುವುದು, ಮೂರ್ತಿಯ ಮೈಗೆ ಉಪ್ಪುಕಾಗದ ಉಜ್ಜುವುದು ನನ್ನ ಕೆಲಸ. ಅಚ್ಚು ಹಾಕುವ ದಿನ, ಮಿಶ್ರಣ ಕಲಸುವ ಹೊತ್ತಿಗೆ ಸರಿಯಾಗಿ ನನ್ನನ್ನು ಚಹಾ ತರಲು ಕಳಿಸುತ್ತಿದ್ದರು. ಮೊದಲ ಸಲ ಅದು ಆಕಸ್ಮಿಕ ಅಂದುಕೊಂಡೆ. ಹತ್ತನೆಯ ಸಲಕ್ಕೆ ತಿಳಿಯಿತು. ಹೆಸರು ಬೇಡ, ಅವರೊಬ್ಬರೇ ಅಲ್ಲ. ಈ ದೇಶದಲ್ಲಿ ವಿದ್ಯೆ ಸಾವಿರಾರು ವರ್ಷ ಹಾಗೆಯೇ ನಡೆದಿದೆ: ನಿನ್ನ ಬೆವರು ಬೇಕು, ನಿನ್ನ ಕಣ್ಣು ಬೇಡ.

ಆಮೇಲೆ ಒಬ್ಬ ಹಿರಿಯ ಕಲಾವಿದನ ಪರಿಚಯವಾಯಿತು. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಕಲಬುರಗಿ ಕಡೆಯವನು, ನಮ್ಮವನೇ. ಅಣ್ಣ ಎಂದೇ ಕರೆಯುತ್ತೇನೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವನ ಕೆಲಸ ನೋಡಲು ಹೋದಾಗ ಅಭ್ಯಾಸಬಲದಿಂದ ಬಾಗಿಲ ಹೊರಗೇ ನಿಂತಿದ್ದೆ. ಅವನು ತಲೆ ಎತ್ತದೆ ಹೇಳಿದ: "ಯಾಕಪಾ ಅಲ್ಲಿ ನಿಂತಿ? ಹತ್ರ ಬಾ. ದೂರ ನಿಂತು ನೋಡಿದ್ರ ಕಣ್ಣಿಗೆ ಬರ್ತದ, ಕೈಗೆ ಬರಂಗಿಲ್ಲ."

ಅವನಿಂದ ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ವಿವರ ಹೇಳದೆ ಉದಾರತೆ ಎಂದರೆ ಅದು ಬರೀ ಹೊಗಳಿಕೆಯಾಗುತ್ತದೆ.

ನಿಂತ ಮೂರ್ತಿಗೆ ಒಳಗೆ ಕಬ್ಬಿಣದ ಅಸ್ಥಿಪಂಜರ ಬೇಕು. ಬರೀ ರಾಡ್ ನಿಲ್ಲಿಸಿ ಮಣ್ಣು ಮೆತ್ತಿದರೆ ಮೂರನೆಯ ದಿನ ಹೊಟ್ಟೆಯ ಮಣ್ಣು ಮೊಣಕಾಲಿಗೆ ಇಳಿದಿರುತ್ತದೆ. ಎರಡು ಸಣ್ಣ ಮರದ ತುಂಡನ್ನು ಅಡ್ಡಡ್ಡ ಕಟ್ಟಿ, ತಂತಿಯಲ್ಲಿ ರಾಡಿಗೆ ನೇತುಹಾಕಬೇಕು. ಅದಕ್ಕೆ ಚಿಟ್ಟೆ ಎನ್ನುತ್ತೇವೆ. ಅಂಥ ಹತ್ತಿಪ್ಪತ್ತು ಚಿಟ್ಟೆ ಮಣ್ಣಿನೊಳಗೆ ಹೂತು ಕೂತು ಭಾರ ಹಿಡಿಯುತ್ತವೆ. ಮುಗಿದ ಮೂರ್ತಿ ನೋಡಿದವರಿಗೆ ಚಿಟ್ಟೆ ಕಾಣುವುದೇ ಇಲ್ಲ. ಹೇಳಿಕೊಡದೆ ಯಾರಿಗೂ ಗೊತ್ತಾಗುವ ಸಂಗತಿಯಲ್ಲ.

ಪ್ಲಾಸ್ಟರ್ ಕಲಸುವಾಗ ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಪುಡಿ ಮುಳುಗುತ್ತ ಮುಳುಗುತ್ತ ಕೊನೆಗೆ ನೀರಿನ ಮೇಲೆ ಸಣ್ಣ ನಡುಗಡ್ಡೆಗಳಂತೆ ನಿಂತಾಗ ಸಾಕು. ಒಂದೆರಡು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ಗುಳ್ಳೆ ಏಳದಂತೆ ಕೈಯಿಂದ ಕಲಸಬೇಕು. ಚಿಟಿಕೆ ಉಪ್ಪು ಬಿದ್ದರೆ ಬೇಗ ಗಟ್ಟಿಯಾಗುತ್ತದೆ. ನನ್ನನ್ನು ಚಹಾಕ್ಕೆ ಕಳಿಸಿ ಮುಚ್ಚಿಟ್ಟಿದ್ದ ದೊಡ್ಡ ರಹಸ್ಯ ಇಷ್ಟೇ ಬಂಧುಗಳೇ. ಐದು ನಿಮಿಷದ ಮಾತು.

ಒಂದೇ ಸಲಕ್ಕೆ ಬಳಸಿ ಒಡೆಯುವ ಅಚ್ಚಿನಲ್ಲಿ ಮಣ್ಣಿನ ಮೈಗೆ ತಾಗುವ ಮೊದಲ ತೆಳು ಪದರಕ್ಕೆ ಬಣ್ಣ ಬೆರೆಸುತ್ತಾರೆ. ಅಣ್ಣ ಬೆರೆಸುತ್ತಿದ್ದುದು ಬಟ್ಟೆಗೆ ಹಾಕುವ ನೀಲಿ. ಅದರ ಮೇಲೆ ದಪ್ಪನೆಯ ಬಿಳಿ ಪದರ. ಒಳಗೆ ಮೂರ್ತಿ ಎರಕವಾದ ಮೇಲೆ ಹೊರಗಿನ ಅಚ್ಚನ್ನು ಉಳಿಯಿಂದ ಒಡೆಯುತ್ತ ಬರಬೇಕು. ಬಿಳಿ ಇರುವ ತನಕ ಜೋರಾಗಿ ಹೊಡೆಯಬಹುದು. ನೀಲಿ ಕಂಡ ಕೂಡಲೇ ಕೈ ಹಗುರ ಮಾಡಬೇಕು, ಒಂದು ಪದರದ ಆಚೆಗೆ ಬಾಬಾಸಾಹೇಬರ ಮುಖವಿದೆ. "ನೀಲಿ ಕಂಡ್ರ ಉಸಿರು ಹಿಡಿ" ಎನ್ನುತ್ತಿದ್ದ. ನೀಲಿ ಧ್ವಜ ಹಿಡಿದು ಬೆಳೆದ ನನಗೆ ಆ ಮಾತು ಎಂದೂ ಮರೆತುಹೋಗಿಲ್ಲ.

ಎತ್ತರದ ಪೀಠದ ಮೇಲೆ ನಿಲ್ಲುವ ಮೂರ್ತಿಯನ್ನು ಕೆಲಸ ಮಾಡುವಾಗ ನೆಲದ ಮೇಲೆ ಕೂತು ಕೆಳಗಿನಿಂದ ನೋಡುತ್ತಿರಬೇಕು. ಎದುರು ನಿಂತು ಸರಿ ಅನ್ನಿಸಿದ ತಲೆ ಕೆಳಗಿನಿಂದ ಸಣ್ಣದಾಗಿ ಕಾಣುತ್ತದೆ, ಆದ್ದರಿಂದ ತಲೆ ತುಸು ದೊಡ್ಡದಿರಬೇಕು, ತುಸು ಮುಂದಕ್ಕೆ ಬಾಗಿರಬೇಕು. ಕೇರಿಯ ಮುದುಕಿ ಬಂದು ನಿಂತು ನೋಡುವ ಜಾಗದಿಂದ ನೋಡು ಎಂದು ಅವನ ಲೆಕ್ಕ. ಕನ್ನಡಕವನ್ನು ಮುಖದ ಜೊತೆ ಮೆತ್ತಬಾರದು, ಬೇರೆ ಲೋಹದಲ್ಲಿ ಮಾಡಿ ಕೂರಿಸಬೇಕು, ಇಲ್ಲದಿದ್ದರೆ ಕಣ್ಣು ಸತ್ತುಹೋಗುತ್ತದೆ.

ಇನ್ನು ಎತ್ತಿದ ತೋರುಬೆರಳು. ಅದರೊಳಗಿನ ರಾಡ್ ಮಣಿಕಟ್ಟಿಗೇ ನಿಲ್ಲಬಾರದು, ಮೊಣಕೈ ದಾಟಿ ಭುಜದ ರಾಡಿಗೆ ಬೆಸುಗೆಯಾಗಬೇಕು. ಯಾಕೆಂದು ನಾನು ಕೇಳಲಿಲ್ಲ, ನಿಮಗೂ ಹೇಳಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಎಷ್ಟು ಮೂರ್ತಿಗಳು ಕಬ್ಬಿಣದ ಪಂಜರದೊಳಗೆ ನಿಂತಿವೆ ಎಂದು ನೀವೇ ನೋಡಿದ್ದೀರಿ. ಕೆಡಿಸಲು ಬಂದವನ ಕೈ ಮೊದಲು ಹೋಗುವುದು ಆ ಬೆರಳಿಗೆ.

ಕೊನೆಯದು ಫೈಬರ್ ಕೆಲಸ. ರೆಸಿನ್ ಗಟ್ಟಿಯಾಗಲು ಕೋಬಾಲ್ಟ್ ಎಂಬ ಆಕ್ಸಿಲರೇಟರ್ ಬೇಕು, ಎಂಇಕೆಪಿ ಎಂಬ ಹಾರ್ಡನರ್ ಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು. ಬೆಂಕಿ ಹತ್ತಬಹುದು, ಸ್ಫೋಟವಾಗಬಹುದು. ಮೊದಲು ಕೋಬಾಲ್ಟ್ ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡನರ್ ಹಾಕಬೇಕು. ಗಾಳಿಯಾಡುವ ಜಾಗ, ಕೈಗವಸು, ಕಣ್ಣಿಗೆ ಕನ್ನಡಕ, ಹೊಗೆ ತಡೆಯುವ ಮಾಸ್ಕ್ ಇಲ್ಲದೆ ಡಬ್ಬಿ ಮುಚ್ಚಳ ತೆಗೆಯಬಾರದು. ಅಣ್ಣ ಇದನ್ನು ಮೊದಲ ದಿನವೇ ಹೇಳಿದ, ಇಪ್ಪತ್ತು ಸಲ ಹೇಳಿಸಿದ. ಇದನ್ನು ಗುಟ್ಟು ಎಂದು ಇಟ್ಟುಕೊಳ್ಳುವ ಮನುಷ್ಯ ತನ್ನ ಹುಡುಗನ ಕಣ್ಣು ಕಳೆಯಬಲ್ಲ. ಸುತ್ತದಲ್ಲಿ ಎಲ್ಲ ದಿಕ್ಕಿನಲ್ಲೂ ರಕ್ಷಣೆ ಎಂದಿದೆಯಲ್ಲ, ಅದನ್ನು ನಾನು ತಿಳಿದದ್ದು ಆ ಡಬ್ಬಿಗಳ ಮುಂದೆ.

ಒಂದು ದಿನ ಕೇಳಿಯೇಬಿಟ್ಟೆ, "ಅಣ್ಣ, ನೀ ಯಾಕ ಏನೂ ಇಟ್ಕೊಳ್ಳದೆ ಹೇಳ್ತಿ?" ಅವನು ಹುಡುಗನಾಗಿದ್ದಾಗ ಮುಂಬೈಗೆ ಹೋಗಿ ಗಣಪತಿ ಮಾಡುವ ಕಾರ್ಖಾನೆಯೊಂದರಲ್ಲಿ ಕಸ ಗುಡಿಸಿದವನು. "ನಾ ಕದ್ದು ಕಲ್ತೀನಿ ತಮ್ಮಾ. ಕಸ ಹೊಡಿಯೂವಾಗ ಬಗ್ಗಿ ಬಗ್ಗಿ ನೋಡಿ ಕಲ್ತೀನಿ. ಕದ್ದವನಿಗೆ ಅರ್ಧಾನೇ ಸಿಗ್ತದ. ಉಳಿದ ಅರ್ಧಕ್ಕ ಹತ್ತು ವರ್ಷ ಹೋಯ್ತು. ನೀ ಕದಿಯೂದು ಬ್ಯಾಡ."

ಏಕಲವ್ಯನ ಕಥೆ ನಮಗೆಲ್ಲ ಗೊತ್ತು. ಬಿಲ್ಲಿನ ಕಡೆಗೇ ಎಲ್ಲರ ಗಮನ. ನಾನು ಮಣ್ಣಿನ ಕೆಲಸದವನಾದ್ದರಿಂದ ಬೇರೆಯದೊಂದು ಕಾಣುತ್ತದೆ. ಆ ಹುಡುಗ ಮೊದಲು ಮಾಡಿದ್ದು ಒಂದು ಮೂರ್ತಿ. ತನ್ನನ್ನು ಹೊರಗಿಟ್ಟ ಗುರುವನ್ನು ಮಣ್ಣಿನಲ್ಲಿ ತಾನೇ ಮಾಡಿಕೊಂಡ. ಗುರುದಕ್ಷಿಣೆ ಎಂದು ಕೇಳಿದ್ದು ಹೆಬ್ಬೆರಳು. ಮಣ್ಣಿನವರಿಗೆ ಹೆಬ್ಬೆರಳೇ ಮೊದಲ ಉಪಕರಣ. ಕೆನ್ನೆಯ ಉಬ್ಬು, ರೆಪ್ಪೆಯ ಅಂಚು, ತುಟಿಯ ಕೊನೆ, ಎಲ್ಲ ಹೆಬ್ಬೆರಳ ಒತ್ತಿನಿಂದ ಬರುವುದು. ಕಲಿಸದೆ ಇದ್ದವನು ಫಲ ಕೇಳಿದ, ಇನ್ನೊಂದು ಮೂರ್ತಿಯನ್ನೂ ಮಾಡಲಾಗದಂತೆ ಕೇಳಿದ. ಅದನ್ನು ಗುರುಭಕ್ತಿ ಎಂದು ಮಕ್ಕಳಿಗೆ ಪಾಠ ಮಾಡುವುದನ್ನು ಕೇಳಿದಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಭಗವಾನರ ದಾರಿ ಇದಕ್ಕೆ ನೇರ ಎದುರು. ಕೊನೆಯ ಮಳೆಗಾಲದಲ್ಲಿ ವೈಶಾಲಿಯ ಬಳಿಯ ಬೇಲುವ ಗ್ರಾಮದಲ್ಲಿ ಅವರಿಗೆ ಕಠಿಣ ಕಾಯಿಲೆಯಾಯಿತು. ಆನಂದ ಗಾಬರಿಯಾಗಿದ್ದ. ಸಂಘಕ್ಕೆ ಏನಾದರೂ ಹೇಳದೆ ಹೋಗಲಾರರು ಎಂಬುದೊಂದೇ ತನಗಿದ್ದ ಸಮಾಧಾನ ಎಂದ. ಆಗ ಬುದ್ಧರು ಕೊಟ್ಟ ಉತ್ತರದ ಸಾರ ಇದು: ಒಳಗಿನವರಿಗೊಂದು ಹೊರಗಿನವರಿಗೊಂದು ಎಂದು ಭೇದ ಮಾಡದೆ ಧಮ್ಮ ಹೇಳಿದ್ದೇನೆ, ಗುರುಗಳು ಕೊನೆಗೆಂದು ಮುಚ್ಚಿಟ್ಟುಕೊಳ್ಳುವ ಮುಷ್ಟಿ ನನ್ನಲ್ಲಿಲ್ಲ. ಪಾಲಿಯಲ್ಲಿ ಇದಕ್ಕೆ ಆಚರಿಯ ಮುಟ್ಠಿ ಎನ್ನುತ್ತಾರೆ, ಗುರುವಿನ ಮುಷ್ಟಿ. ಆ ಕಾಲದಲ್ಲೂ ಮುಷ್ಟಿ ಬಿಗಿಹಿಡಿದ ಗುರುಗಳು ಸಾಕಷ್ಟು ಇದ್ದುದರಿಂದಲೇ ಆ ಮಾತು ಹುಟ್ಟಿರಬೇಕು. ಬಿಚ್ಚಿದ ಕೈಯ ಫಲ ಏನೆಂದರೆ, ಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವನು ಉಪಾಲಿ. ಶಾಕ್ಯರ ಮನೆಯ ಕ್ಷೌರಿಕ.

ಅಂಗುತ್ತರ ನಿಕಾಯದಲ್ಲಿ ಐದು ಮಚ್ಛರಿಯಗಳನ್ನು ಹೇಳಿದೆ, ಅಂದರೆ ಐದು ಜಿಪುಣತನ. ಇರುವ ಜಾಗದ ಜಿಪುಣತನ, ಆಧಾರವಾದ ಮನೆಗಳ ಜಿಪುಣತನ, ಲಾಭದ್ದು, ವಣ್ಣದ್ದು, ಧಮ್ಮದ್ದು. ಕೊನೆಯದೇ ಎಲ್ಲಕ್ಕಿಂತ ಕೀಳು ಎಂದು ಅಲ್ಲಿಯೇ ಹೇಳಿದೆ. ವಣ್ಣ ಎಂದರೆ ಇಲ್ಲಿ ಹೊಗಳಿಕೆ, ಬೇರೆಯವರಿಗೆ ಒಳ್ಳೆಯ ಹೆಸರು ಬರುವುದನ್ನು ತಡೆಯಲಾರದ ಗುಣ. ಆದರೆ ವರ್ಣ ಎಂಬುದಕ್ಕೂ ಪಾಲಿಯಲ್ಲಿ ಅದೇ ಪದ. ನಮ್ಮ ದೇಶದಲ್ಲಿ ಈ ಐದೂ ಬೇರೆ ಬೇರೆಯಾಗಿ ಇರಲೇ ಇಲ್ಲ. ಜಾಗ, ಮನೆತನ, ಲಾಭ, ಹೆಸರು, ವಿದ್ಯೆ, ಐದನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದದ್ದಕ್ಕೆ ಜಾತಿ ಎಂದು ಹೆಸರು. ಇದು ನನ್ನ ಮಾತು, ಸುತ್ತದ್ದಲ್ಲ. ತಪ್ಪು ಕಂಡರೆ ಬಳಗದಲ್ಲಿ ಹೇಳಿ.

ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಅದೇ ಮನುಷ್ಯ ಮುಂದೆ ಪಾಲಿ ನಿಘಂಟನ್ನು ತಾವೇ ಸಿದ್ಧಪಡಿಸಲು ಕೂತರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು. ಆ ಕಾಲೇಜಿಗೆ ಇಟ್ಟ ಹೆಸರು ಮಿಲಿಂದ. ನಾಗಸೇನ ಭಂತೆಯವರನ್ನು ಬಿಡದೆ ಪ್ರಶ್ನೆ ಕೇಳಿದ ರಾಜನ ಹೆಸರು. ಕೇಳುವವನ ಹೆಸರನ್ನು ಕಾಲೇಜಿಗೆ ಇಟ್ಟಿದ್ದಾರೆ ನೋಡಿ.

ಇನ್ನು ತಂಗಿಯ ಪ್ರಶ್ನೆಗೆ ಬರುತ್ತೇನೆ, ಹೊಟ್ಟೆಪಾಡಿನ ಪ್ರಶ್ನೆ. ಅದನ್ನು ಮೇಲುಮೇಲೆ ಉತ್ತರಿಸಬಾರದು.

ಅಣ್ಣನಿಂದ ಕಲಿತು ಐದನೆಯ ವರ್ಷ, ಏಪ್ರಿಲ್ 14ಕ್ಕೆ ಮೊದಲು, ಒಂದು ಊರಿನ ಜಯಂತಿ ಸಮಿತಿಯವರು ಆರಡಿಯ ಮೂರ್ತಿ ಬೇಕೆಂದು ನನ್ನ ಬಳಿ ಬಂದರು. ಅದಕ್ಕೆ ಮುಂಚೆ ಆ ಸುತ್ತಿನ ಊರುಗಳ ಕೆಲಸವೆಲ್ಲ ಅಣ್ಣನದೇ. ನನ್ನ ಕೆಲಸವೂ ಅವನದರಂತೆಯೇ ಇದೆ, ಮನೆ ಹತ್ತಿರ, ಸಾಗಾಟದ ಖರ್ಚು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಊರಾಗ ಗಾಳಿ ಭಾಳ. ಕಾಲಿನ ರಾಡ್ ಪೀಠದಾಗ ಆಳಕ್ಕ ಇಳಿಸು" ಅಂದ.

ಆ ವರ್ಷ ಅವನಿಗೆ ಮಾರ್ಚಿನಲ್ಲಿ ಮೂರ್ತಿ ಕೆಲಸ ಇರಲಿಲ್ಲ. ಅಂಗಡಿ ಬೋರ್ಡು ಬರೆದ. ಮನೆಯಲ್ಲಿ ಅತ್ತಿಗೆ ಸುಮ್ಮನಿರಲಿಲ್ಲ, ಮಗಳ ಫೀ ಕಟ್ಟುವ ಕಾಲ ಅದು, ಆಕೆ ಹೇಳಿದ್ದರಲ್ಲಿ ಅನ್ಯಾಯವೇನೂ ಇಲ್ಲ. ಇದನ್ನು ಸಿಹಿಯಾದ ತ್ಯಾಗದ ಕಥೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ದಾನ ಪಾರಮಿ ಎಂದು ನಾವು ಸುಲಭವಾಗಿ ಹೇಳುತ್ತೇವೆ, ಕೊಟ್ಟ ಮನೆಯ ಒಲೆಯನ್ನು ನೋಡುವುದಿಲ್ಲ. ಬೇಸರವಾಯಿತೇ ಎಂದು ಮುಂದೊಮ್ಮೆ ಕೇಳಿದ್ದಕ್ಕೆ ಅಣ್ಣ ಹೇಳಿದ್ದು: "ಹೊಟ್ಟಿ ಉರೀತು. ಸುಳ್ಳ ಯಾಕ ಹೇಳಲಿ? ಉರೀಲಕತ್ತದ ಅಂತ ಕುಂತು ನೋಡ್ದೆ. ಎರಡು ದಿನ ಉರೀತು, ಆಮ್ಯಾಲ ಹಸಿವಾಯ್ತು, ಉಂಡೆ." ವೇದನೆಯನ್ನು ವೇದನೆಯಾಗಿ ನೋಡುವುದು ಎಂದು ಸತಿಪಟ್ಠಾನದ ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಆ ಊರಿನ ಮೂರ್ತಿಗೆ ಮೈ ನಾನು ಮಾಡಿದೆ, ಮುಖ ಅವನಿಂದಲೇ ಮಾಡಿಸಿದೆ, ಹಣ ಇಬ್ಬರಿಗೂ ಸಮ. ಸಮಿತಿಯವರಿಗೆ ಮೊದಲೇ ಹೇಳಿದ್ದೆ. ಆಮೇಲೆ ನಾವು ನಾಲ್ಕು ಜನ ಮೂರ್ತಿಕಾರರು ಕೂತು ಒಂದು ಮಾತು ಮಾಡಿಕೊಂಡೆವು. ಒಬ್ಬರು ಹೇಳಿದ ದರಕ್ಕಿಂತ ಕಡಿಮೆ ಹೇಳಿ ಇನ್ನೊಬ್ಬರು ಕೆಲಸ ಕಸಿಯಬಾರದು. ಆರಡಿ ಮೀರಿದ ಕೆಲಸ ಯಾರಿಗೆ ಬಂದರೂ ಕನಿಷ್ಠ ಇಬ್ಬರು ಸೇರಿ ಮಾಡಬೇಕು. ಕೆಲಸವಿಲ್ಲದವನನ್ನು ಮೊದಲು ಕರೆಯಬೇಕು. ಬರೆದಿಟ್ಟಿಲ್ಲ, ಆದರೆ ಈವರೆಗೆ ಮುರಿದಿಲ್ಲ. ಒಬ್ಬನ ಒಳ್ಳೆಯತನ ಎಷ್ಟು ದಿನ ಒಬ್ಬನೇ ಹೊರಬೇಕು? ಕೊಡುವವನನ್ನು ಕಾಯುವ ವ್ಯವಸ್ಥೆ ಕಲಿತವರು ಮಾಡಬೇಕು. ಸಿಗಾಲೋವಾದದಲ್ಲಿ ಶಿಷ್ಯನ ಐದು ಕರ್ತವ್ಯಗಳನ್ನೂ ಹೇಳಿದೆ, ಗುರುವಿನ ಸೇವೆ ಅದರಲ್ಲೊಂದು. ಕಾಲು ಒತ್ತುವುದು ಎಂಬ ಅರ್ಥವನ್ನು ನಾನು ಒಪ್ಪುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅವನ ಮನೆಯಲ್ಲಿ ಅಕ್ಕಿ ಇರುವಂತೆ ನೋಡಿಕೊಳ್ಳುವುದು ಸೇವೆ.

ಸಾಂಚಿಯ ಮಹಾಸ್ತೂಪದ ದಕ್ಷಿಣ ತೋರಣದ ಕಂಬದ ಮೇಲೆ ಒಂದು ಸಣ್ಣ ಬರಹ ಇದೆ. ಅಲ್ಲಿನ ಕೆತ್ತನೆ ಮಾಡಿದ್ದು ವಿದಿಶಾದ ದಂತಕಾರರು, ಅಂದರೆ ಆನೆದಂತ ಕೆತ್ತುವವರು, ಎಂದು ಅದು ಹೇಳುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಮಾತು. ಅಂಗೈಯಗಲದ ದಂತದಲ್ಲಿ ಕೆಲಸ ಮಾಡುವ ಸೂಕ್ಷ್ಮ ಕೈ ಕಲ್ಲಿಗೆ ಬಂದಿದೆ. ದಂತಕಾರರು ತಮ್ಮ ಗುಟ್ಟು ದಂತದಲ್ಲೇ ಇರಲಿ ಎಂದುಕೊಂಡಿದ್ದರೆ ಆ ತೋರಣ ಹಾಗಿರುತ್ತಿರಲಿಲ್ಲ. ಬರಹದಲ್ಲಿ ಒಬ್ಬನ ಹೆಸರೂ ಇಲ್ಲ, ದಂತಕಾರರು ಎಂದು ಬಹುವಚನ. ನಮ್ಮ ಭೀಮಾ ದಂಡೆಯ ಕನಗನಹಳ್ಳಿಗೆ ಅಣ್ಣನ ಜೊತೆ ಹೋಗಿದ್ದೆ. ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಅಶೋಕ ಚಕ್ರವರ್ತಿಯ ಚಿತ್ರ, ಪಕ್ಕದಲ್ಲಿ ರಾಯೋ ಅಸೋಕೋ ಎಂಬ ಬ್ರಾಹ್ಮಿ ಅಕ್ಷರ. ರಾಜನ ಹೆಸರಿದೆ, ಉಳಿ ಹಿಡಿದವನ ಹೆಸರು ಆ ಸಾಲಿನಲ್ಲಿಲ್ಲ. ನನಗೆ ಅದು ಕೊರಗು. ಅಣ್ಣ ಬಟ್ಟೆಯ ಮಡಿಕೆಗಳನ್ನೇ ನೋಡುತ್ತ ನಿಂತಿದ್ದ. "ಈ ಮಡಿಕಿ ಹ್ಯಾಂಗ ತಗದಾನ ನೋಡು" ಎಂದು ನನ್ನ ಹೆಗಲ ಮೇಲೆ ಬೆರಳಿನಿಂದ ಗೀಚಿ ತೋರಿಸಿದ. ಅಲ್ಲಿಯೂ ಪಾಠ.

ಮೂರ್ತಿ ಯಾಕೆ ಬೇಕು, ಶಾಲೆ ಸಾಲದೆ ಎಂದು ಬಳಗದ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಎರಡೂ ಬೇಕು ಎಂಬುದು ನನ್ನ ಉತ್ತರ, ವಾದ ಭಾನುವಾರಕ್ಕೆ ಇಟ್ಟುಕೊಳ್ಳೋಣ.

ಭಾನುವಾರ ಎಂದೆನಲ್ಲ, ಅದಕ್ಕೇ ಒಂದು ವಿಷಯ. ಬರುವ ಭಾನುವಾರ ಧಮ್ಮ ವಂದನೆ ಮುಗಿದ ಮೇಲೆ, ಬೆಳಿಗ್ಗೆ ಹತ್ತೂವರೆಗೆ, ವಿಹಾರದ ಹಿಂದಿನ ಶೆಡ್ಡಿನಲ್ಲಿ ಎರಡೂವರೆ ಅಡಿಯ ಬುದ್ಧಮೂರ್ತಿಯ ಅಚ್ಚು ಒಡೆಯುತ್ತೇವೆ. ಅಣ್ಣನೂ ಬರುತ್ತಾನೆ. ಪ್ರಶ್ನೆ ಕೇಳಿದ ತಂಗಿ ಮತ್ತು ಆಕೆಯ ಗೆಳತಿ ಕಲಿಯಲು ಹೆಸರು ಕೊಟ್ಟಿದ್ದಾರೆ. ಮಕ್ಕಳನ್ನು ಕಳಿಸುವವರು ಕಳಿಸಬಹುದು, ಯಾರನ್ನೂ ಚಹಾ ತರಲು ಕಳಿಸುವುದಿಲ್ಲ, ಚಹಾ ನಾನು ಮಾಡಿಸಿರುತ್ತೇನೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಮೂಗಿಗೆ ಮಾಸ್ಕ್ ತನ್ನಿ. ಮೊದಲ ಪದರಕ್ಕೆ ನೀಲಿ ಹಾಕಿದ್ದೇನೆ.

ಜೈ ಭೀಮ್.